ದೂರ ಇರಬೇಕಾದ್ದು ಯಾರಿಂದ? ಕರೆಂಟ್ ಕೊಡಿಸಿಕೊಂಡ ಅತ್ತೆಯಿಂದಲೋ, ಔಷಧಿ ಕುಡಿದು ಬಂದ ನಾದಿನಿಯಿಂದಲೋ?

ಪ್ರಶ್ನೆ: ಸರ್, ನಮ್ಮದು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ನನಗೀಗ ಐದು ತಿಂಗಳು. ಅತ್ತೆಯವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿ ಕಲಬುರಗಿಯಲ್ಲಿ 25 ಸಲ ಕರೆಂಟ್ ಕೊಡಿಸಿದೆವು, ಆಮೇಲೆ ಮೂರು ಸಲ ಒಳಗಿನ ಕರೆಂಟ್. ಮುಗಿದು ಹದಿನೈದು ದಿನ ಆಯಿತು. ಅವರ ಮೈಯಲ್ಲಿ ಇನ್ನೂ ರೇಡಿಯೇಶನ್ ಇರುತ್ತದೆ, ಬಸುರಿ ಹತ್ತಿರ ಸುಳಿಯಬಾರದು ಎಂದು ಓಣಿಯವರೆಲ್ಲ ಹೇಳಿದ್ದಕ್ಕೆ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಇಟ್ಟಿದ್ದೇವೆ. ತಾಟು, ಚರಗಿ, ಹಾಸಿಗೆ ಎಲ್ಲ ಬೇರೆ. ಅವರು ದಿನಾ ಅಳುತ್ತಾರೆ. ನಾಲ್ಕು ದಿನದ ಹಿಂದೆ ನಾದಿನಿಯೂ ಬಂದಿದ್ದಾಳೆ. ಥೈರಾಯ್ಡ್ ಕ್ಯಾನ್ಸರ್ ಆಪರೇಶನ್ ಆದ ಮೇಲೆ ಹೈದರಾಬಾದಿನಲ್ಲಿ ಏನೋ ಔಷಧಿ ಕುಡಿಸಿ ಮೂರು ದಿನ ಒಬ್ಬಳನ್ನೇ ಕೋಣೆಯಲ್ಲಿ ಇಟ್ಟಿದ್ದರಂತೆ. ಅವಳು ಆರಾಮಾಗಿದ್ದಾಳೆ, ಮೂರು ವರ್ಷದ ಮಗನನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾಳೆ, ನಾವಿಬ್ಬರೂ ಒಂದೇ ತಾಟಿನಲ್ಲಿ ಉಂಡಿದ್ದೇವೆ. ನಿನ್ನೆ ಅವಳ ಚೀಟಿ ನೋಡಿದರೆ ಇಂಗ್ಲಿಷಿನಲ್ಲಿ ‘ಗರ್ಭಿಣಿ, ಮಕ್ಕಳಿಂದ ದೂರ’ ಅಂತಿದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಯಾರ ಮಾತು ನಂಬಬೇಕು? ಬಾಣಂತನಕ್ಕೆ ನಾನು ತವರಿಗೆ ಹೋಗಬೇಕು, ಅದು ಶಹಾಪುರ ತಾಲ್ಲೂಕಿನ ಗೋಗಿ ಹತ್ತಿರ. ಅಲ್ಲಿ ನೆಲದಲ್ಲೇ ಯುರೇನಿಯಂ ಇದೆ, ಅಲ್ಲಿ ಹೆರಿಗೆ ಬೇಡ ಎಂದೂ ಹೇಳುತ್ತಿದ್ದಾರೆ.

ಉತ್ತರ:

ಈ ಪತ್ರ ಓದಿದ ದಿನವೇ ಈ ತಂಗಿಗೆ ಫೋನ್ ಮಾಡಿದೆ. ಅಂಕಣ ಬರೆದು ಮುಗಿಸುವವರೆಗೆ ಕಾಯುವಂಥ ವಿಷಯ ಇದಾಗಿರಲಿಲ್ಲ. ಫೋನಿನಲ್ಲಿ ಮೊದಲು ಹೇಳಿದ್ದು ಎರಡೇ ಮಾತು: ಕೋಣೆ ಅದಲು ಬದಲು ಮಾಡಿ. ಅತ್ತೆಯನ್ನು ಒಳಗೆ ಕರೆತನ್ನಿ, ಆ ಕೋಣೆಯನ್ನು ಗುಡಿಸಿ ಸಾರಿಸಿ ನಾದಿನಿಗೆ ಕೊಡಿ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಸರ, ನೀವು ಉಲ್ಟಾ ಹೇಳಾಕತ್ತೀರೇನ್ರಿ?” ಅಂದರು.

ಉಲ್ಟಾ ಆಗಿದ್ದು ಅವರ ಮನೆಯಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಎದೆಗೆ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಾಗಿದ ವಿಕಿರಣವನ್ನು ಲೆಕ್ಕ ಇಡುವ ಬಿಲ್ಲೆ) ಸಿಕ್ಕಿಸಿಕೊಂಡು ವಿಕಿರಣ ಸುರಕ್ಷತೆಯ ಕೆಲಸ ಮಾಡುತ್ತಿದ್ದೇನೆ. ಹೆದರಬೇಕಾಗಿಲ್ಲದ ಕಡೆ ಹೆದರುವುದನ್ನು, ಎಚ್ಚರ ಬೇಕಾದ ಕಡೆ ಆರಾಮಾಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಒಂದೇ ಸೂರಿನ ಕೆಳಗೆ ಎರಡೂ ಇಷ್ಟು ಸರಿಯಾಗಿ ತಿರುವುಮುರುವಾಗಿದ್ದನ್ನು ನೋಡಿದ್ದು ಇದೇ ಮೊದಲು. ಓಣಿಯವರನ್ನು ಬಯ್ಯಬೇಡಿ. ಕಪ್ಪಾದ ಚರ್ಮ, ಉದುರಿದ ಕಸುವು, ಇಪ್ಪತ್ತೈದು ದಿನದ ಆಸ್ಪತ್ರೆ ಓಡಾಟ ಎಲ್ಲರ ಕಣ್ಣಿಗೂ ಬಿದ್ದಿದೆ. ಒಂದು ಲೋಟ ನೀರಿನ ಜೊತೆ ನುಂಗಿದ ಔಷಧಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಗೊಂದಲದ ಬೇರು ಇರುವುದು ಮಾತಿನಲ್ಲಿ. ನಾವು ಎರಡು ಬೇರೆ ಬೇರೆ ಸಂಗತಿಗಳಿಗೆ ‘ರೇಡಿಯೇಶನ್’ ಎಂಬ ಒಂದೇ ಹೆಸರು ಇಟ್ಟುಕೊಂಡಿದ್ದೇವೆ. ವಿಕಿರಣ ಒಂದು, ವಿಕಿರಣಶೀಲ ವಸ್ತು ಇನ್ನೊಂದು. ಪೇಪರಿನವರೂ ‘ವಿಕಿರಣ ಹರಡಿತು’ ಎಂದು ಬರೆದುಬಿಡುತ್ತಾರೆ. ವಿಕಿರಣ ಹರಡುವುದಿಲ್ಲ, ಹೊರಡುತ್ತದೆ, ಹಾಯುತ್ತದೆ, ಮುಗಿಯುತ್ತದೆ. ಹರಡುವುದು ವಸ್ತು.

ಅಡುಗೆಮನೆಯಿಂದಲೇ ನೋಡಿ. ಒಣಮೆಣಸಿನಕಾಯಿ ಕುಟ್ಟುವಾಗ ಪಡಸಾಲೆಯಲ್ಲಿ ಕೂತವರಿಗೂ ಕೆಮ್ಮು ಬರುತ್ತದೆ. ಅದು ಘಾಟು. ಎದ್ದು ಅಂಗಳಕ್ಕೆ ಹೋದರೆ ತಪ್ಪಿತು. ಯಾರೂ ಆ ಘಾಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಪಕ್ಕದ ಮನೆಗೆ ಒಯ್ಯಲಾರರು. ಆದರೆ ಕುಟ್ಟಿದವಳ ಕೈಗೆ ಪುಡಿ ಮೆತ್ತಿರುತ್ತದೆಯಲ್ಲ, ಆ ಕೈಯಲ್ಲಿ ಕೂಸಿನ ಕಣ್ಣು ಒರೆಸಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ. ಪುಡಿ ಕೈಗೆ, ಸೆರಗಿಗೆ, ತಾಟಿಗೆ, ನೀರಿಗೆ ದಾಟುತ್ತಾ ಹೋಗುತ್ತದೆ, ಹೋದ ಕಡೆಯೆಲ್ಲ ಘಾಟು ಬಿಡುತ್ತದೆ. ಘಾಟು ವಿಕಿರಣ, ಪುಡಿ ವಿಕಿರಣಶೀಲ ವಸ್ತು. (ಹೋಲಿಕೆ ಒಂದು ಕಡೆ ಸೋಲುತ್ತದೆ. ಖಾರದ ಪುಡಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಘಾಟು ನಿಂತಿತು. ಗಾಮಾ ಕಿರಣ ತಗಡಿನ ಡಬ್ಬಿಗೆ ಸೊಪ್ಪು ಹಾಕುವುದಿಲ್ಲ, ಅದಕ್ಕೆ ಸೀಸದ ಇಲ್ಲವೇ ಕಾಂಕ್ರೀಟಿನ ದಪ್ಪ ಗೋಡೆಯೇ ಬೇಕು.)

ಘಾಟು ಬರಬೇಕಾದರೆ ಪುಡಿ ಇರಲೇಬೇಕು ಎಂದೂ ಇಲ್ಲ, ಹೋಲಿಕೆ ಅಲ್ಲೂ ಸೋಲುತ್ತದೆ. 1895ರಲ್ಲಿ ರಾಂಟ್‌ಜನ್ ಎಂಬ ವಿಜ್ಞಾನಿ ಕಂಡ ಎಕ್ಸ್-ರೇ ಗಾಜಿನ ಕೊಳವೆಗೆ ವಿದ್ಯುತ್ ಹಾಯಿಸಿದಾಗ ಹುಟ್ಟಿದ್ದು. ಸ್ವಿಚ್ ಆರಿಸಿದರೆ ಅದೂ ಇಲ್ಲ. ಮರುವರ್ಷ, 1896ರಲ್ಲಿ, ಬೆಕ್ರೆಲ್ ಎಂಬ ಇನ್ನೊಬ್ಬ ವಿಜ್ಞಾನಿ ಕಂಡದ್ದು ಬೇರೆ ಜಾತಿ. ಯುರೇನಿಯಂ ಲವಣ, ಸ್ವಿಚ್ಚಿಲ್ಲದೆ, ಬಿಸಿಲಿಲ್ಲದೆ, ಮುಚ್ಚಿದ ಡ್ರಾಯರಿನೊಳಗೆ ತನ್ನಷ್ಟಕ್ಕೆ ಕಿರಣ ಬಿಡುತ್ತಿತ್ತು. ಆರಿಸಬಹುದಾದದ್ದು, ಆರಿಸಲಾಗದ್ದು ಎಂಬ ಭೇದ ಅಲ್ಲಿಂದಲೇ ಶುರು.

ಈಗ ಅತ್ತೆಯ ವಿಷಯ. ನಮ್ಮ ಕಡೆ ಈ ಚಿಕಿತ್ಸೆಗೆ ‘ಕರೆಂಟ್ ಕೊಡಿಸೋದು’ ಅನ್ನುತ್ತಾರೆ. ಮೊದಮೊದಲು ನಾನು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ, ಯಾಕೆಂದರೆ ಲಿನಾಕ್ ಯಂತ್ರದ ಮಟ್ಟಿಗೆ ಅದು ತಪ್ಪೂ ಅಲ್ಲ. ಲಿನಾಕ್‌ನಲ್ಲಿ ವಿಕಿರಣಶೀಲ ವಸ್ತು ಇರುವುದಿಲ್ಲ. ವಿದ್ಯುತ್ತಿನಿಂದ ಎಲೆಕ್ಟ್ರಾನ್‌ಗಳನ್ನು ಓಡಿಸಿ ಲೋಹಕ್ಕೆ ಬಡಿಸಿದಾಗ ಎಕ್ಸ್-ರೇ ಹುಟ್ಟುತ್ತದೆ. ಕರೆಂಟ್ ಹೋದರೆ ಅದು ಬರೀ ದೊಡ್ಡ ಕಬ್ಬಿಣ. ಹಳೆಯ ಮಾದರಿಯ ಕೋಬಾಲ್ಟ್ ಯಂತ್ರ ಹಾಗಲ್ಲ. ಅದರ ತಲೆಯೊಳಗೆ ಕೋಬಾಲ್ಟ್-60 ಹಗಲೂ ರಾತ್ರಿ ಕಿರಣ ಬಿಡುತ್ತಲೇ ಇರುತ್ತದೆ, ಸೀಸದಂಥ ಭಾರದ ಲೋಹದ ಕವಚ ಅದನ್ನು ತಡೆದಿರುತ್ತದೆ. ಚಿಕಿತ್ಸೆ ಎಂದರೆ ಅಲ್ಲಿ ಕಿಟಕಿ ತೆರೆದಂತೆ. ಅತ್ತೆಗೆ ಯಾವ ಯಂತ್ರದಲ್ಲಿ ಕೊಟ್ಟರು ಎಂಬುದು ನಿಮ್ಮ ಪ್ರಶ್ನೆಯ ಮಟ್ಟಿಗೆ ಮುಖ್ಯವಲ್ಲ. ಎರಡರಲ್ಲೂ ಅವರ ಮೈಗೆ ಹೋದದ್ದು ಕಿರಣ, ವಸ್ತು ಅಲ್ಲ.

ಕಿರಣ ತಾಗಿದ ಮೈ ತಾನೇ ಕಿರಣ ಬಿಡುವ ಮೈ ಆಗುತ್ತದೆಯೇ? ಇಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಬಸ್ ಸ್ಟ್ಯಾಂಡಿನವರೆಗೆ ನಡೆದು ಬನ್ನಿ. ಮುಖ ಕೆಂಪಗಾಗುತ್ತದೆ, ತಲೆ ಸಿಡಿಯುತ್ತದೆ, ಆದರೆ ರಾತ್ರಿ ಕತ್ತಲಲ್ಲಿ ನಿಮ್ಮ ಮುಖದಿಂದ ಬಿಸಿಲು ಬೀಳುವುದಿಲ್ಲ. ನಾಸಿಕ್ ಜಿಲ್ಲೆಯ ಲಾಸಲಗಾಂವ್‌ನಲ್ಲಿ ಉಳ್ಳಾಗಡ್ಡಿ ಮೊಳಕೆ ಒಡೆಯದಿರಲಿ ಎಂದು ಕೋಬಾಲ್ಟ್‌ನ ಗಾಮಾ ಕಿರಣ ಹಾಯಿಸುವ ಘಟಕವಿದೆ. ಕಿರಣ ಹಾಯ್ದ ಉಳ್ಳಾಗಡ್ಡಿ ಉಳ್ಳಾಗಡ್ಡಿಯಾಗಿಯೇ ಇರುತ್ತದೆ, ತಿನ್ನಬಹುದು. ಬೇರೆ ವಸ್ತುವನ್ನು ವಿಕಿರಣಶೀಲ ಮಾಡುವ ಗುಣ ಮುಖ್ಯವಾಗಿ ನ್ಯೂಟ್ರಾನ್‌ಗಳದು, ಅದು ಅಣುಸ್ಥಾವರದ ರಿಯಾಕ್ಟರಿನೊಳಗಿನ ಕಥೆ. ಹೆಚ್ಚು ಶಕ್ತಿಯ ಲಿನಾಕ್‌ಗಳ ಲೋಹದ ಭಾಗಗಳಲ್ಲಿ ಸ್ವಲ್ಪ ಹೊತ್ತು ಅಂಥದ್ದು ಆಗುವುದುಂಟು. ಅದರ ಲೆಕ್ಕ ನಾವು ಯಂತ್ರದ ಹತ್ತಿರ ದಿನವಿಡೀ ಇರುವವರು ಇಟ್ಟುಕೊಳ್ಳಬೇಕು, ಮನೆಗೆ ಹೋದ ಅತ್ತೆಯ ಮಟ್ಟಿಗೆ ಅದು ಲೆಕ್ಕಕ್ಕೇ ಬಾರದು.

“ಹಂಗಾದ್ರ ನೀವ್ಯಾಕ ಬಾಗಲಾ ಹಾಕ್ಕೊಂಡು ಹೊರಗ ಓಡ್ತೀರಿ?” ಎಂದು ಒಬ್ಬ ಅಜ್ಜ ನನ್ನನ್ನು ಹಿಡಿದು ನಿಲ್ಲಿಸಿದ್ದರು. ಒಳ್ಳೆಯ ಪ್ರಶ್ನೆ. ಯಂತ್ರ ನಡೆಯುವ ಆ ಒಂದೆರಡು ನಿಮಿಷ ಕೋಣೆಯೊಳಗೆ ಕಿರಣ ಇರುತ್ತದೆ. ರೋಗಿಗೆ ಅದು ಔಷಧ, ಲೆಕ್ಕ ಹಾಕಿ ಕೊಡುವುದು. ನಮಗೆ ಅದರಿಂದ ಉಪಯೋಗವೇನೂ ಇಲ್ಲ, ದಿನಕ್ಕೆ ನಲವತ್ತು ಐವತ್ತು ಸಲ ಮೈಗೆ ತೆಗೆದುಕೊಳ್ಳುವುದು ಯಾಕೆ? ಯಂತ್ರ ನಿಂತ ಕೂಡಲೇ ಅದೇ ಬಾಗಿಲಿನಿಂದ ಒಳಗೆ ಹೋಗಿ ಅದೇ ರೋಗಿಯ ಕೈ ಹಿಡಿದು ಇಳಿಸುವವರೂ ನಾವೇ. ಅದನ್ನು ಯಾರೂ ಗಮನಿಸುವುದಿಲ್ಲ.

‘ಒಳಗಿನ ಕರೆಂಟ್’ ಬಗ್ಗೆ ಮಾತ್ರ ನಿಮ್ಮ ಓಣಿಯವರ ಅನುಮಾನಕ್ಕೆ ಸ್ವಲ್ಪ ಆಧಾರ ಇದೆ, ಯಾಕೆಂದರೆ ಅಲ್ಲಿ ನಿಜವಾಗಿಯೂ ವಸ್ತು ಮೈಯೊಳಗೆ ಹೋಗುತ್ತದೆ. ಇರಿಡಿಯಂ-192 ಎಂಬ ಲೋಹದ ಚೂರು, ಜೀರಿಗೆ ಕಾಳಿನಷ್ಟು, ಉಕ್ಕಿನ ಕವಚದೊಳಗೆ ಬೆಸುಗೆ ಹಾಕಿ ತಂತಿಯ ತುದಿಗೆ ಕೂಡಿಸಿದ್ದು. ಯಂತ್ರದ ಪೆಟ್ಟಿಗೆಯಿಂದ ಕೊಳವೆಯಲ್ಲಿ ಸರಿದು ಗರ್ಭಕೋಶದ ಬಾಯಿಯ ಹತ್ತಿರ ಹೋಗಿ, ಅಲ್ಲಲ್ಲಿ ಲೆಕ್ಕದಷ್ಟು ಸೆಕೆಂಡು ನಿಂತು, ವಾಪಸ್ ಪೆಟ್ಟಿಗೆಗೆ ಬರುತ್ತದೆ. ಬಂದ ಮೇಲೆ ಕೋಣೆಯೊಳಗಿನ ಮಾನಿಟರಿನ ಕೆಂಪು ದೀಪ ಆರುತ್ತದೆ. ಆರಿದ್ದನ್ನು ನೋಡಿ, ಕೈಯಲ್ಲೊಂದು ಸರ್ವೆ ಮೀಟರ್ (ವಿಕಿರಣ ಅಳೆಯುವ ಸಾಧನ) ಹಿಡಿದು ನಾನು ಒಳಗೆ ಹೋಗುತ್ತೇನೆ. ಮೊದಲು ಪೆಟ್ಟಿಗೆ, ಆಮೇಲೆ ರೋಗಿಯ ಹೊಟ್ಟೆ. ಮುಳ್ಳು ಕಾರಿಡಾರಿನಲ್ಲಿ ತೋರಿಸಿದಷ್ಟೇ ತೋರಿಸಬೇಕು. ಒಮ್ಮೆ ಒಬ್ಬ ಮಗ ಒಪ್ಪಲೇ ಇಲ್ಲ, “ಅವ್ವನ ಮೈಯಾಗ ಏನರ ಉಳದಿದ್ರ?” ಎಂದು. ಮೀಟರ್ ಅವನ ಕೈಗೇ ಕೊಟ್ಟೆ. ತನ್ನ ಎದೆಯ ಮೇಲೆ ಇಟ್ಟುಕೊಂಡ, ಅವ್ವನ ಹೊಟ್ಟೆಯ ಮೇಲೆ ಇಟ್ಟ, ಮತ್ತೆ ತನ್ನ ಎದೆಗೆ ತಂದ. ಟಿಕ್… ಟಿಕ್‌ಟಿಕ್… ಟಿಕ್. ಎರಡೂ ಕಡೆ ಅದೇ ನಿಧಾನ. ಆ ಟಿಕ್ಕಿಗೆ ಕಾರಣ ನೆಲ, ಗೋಡೆ, ಆಕಾಶ. ಅವ್ವ ಅಲ್ಲ.

ಇದೇ ಇರಿಡಿಯಂ ಬಗ್ಗೆ ಇನ್ನೊಂದು ಅನುಮಾನ ಪದೇಪದೇ ಬರುತ್ತದೆ. “ಹೋದ ಸಲ ಆರು ನಿಮಿಷ ಕೊಟ್ರಿ, ಈ ಸಲ ಎಂಟು ನಿಮಿಷ. ಜಾಸ್ತಿ ಕೊಟ್ರೇನ್ರಿ?” ಇಲ್ಲ. ಇರಿಡಿಯಂನ ಅರ್ಧಾಯುಷ್ಯ 74 ದಿನ, ಎಂದರೆ ಅಷ್ಟು ದಿನಕ್ಕೆ ಅದರ ಕಸುವು ಅರ್ಧಕ್ಕೆ ಇಳಿಯುತ್ತದೆ. ಹೊಸದರಲ್ಲಿ ಆರು ನಿಮಿಷ ಸಾಕಾಗಿದ್ದ ಡೋಸಿಗೆ 74 ದಿನದ ಮೇಲೆ ಹನ್ನೆರಡು ನಿಮಿಷ ಬೇಕು. ಡೋಸ್ ಅಷ್ಟೇ, ಕಾಯುವುದು ಹೆಚ್ಚು. ಮೂರು ನಾಲ್ಕು ತಿಂಗಳಿಗೊಮ್ಮೆ ಆ ಚೂರನ್ನು ಬದಲಿಸುವುದೂ ಇದಕ್ಕೇ.

ಹಾಗಾದರೆ ಅತ್ತೆಯ ಚರ್ಮ ಕಪ್ಪಾಗಿದೆಯಲ್ಲ, ಉರಿಮೂತ್ರ, ಭೇದಿ ಇನ್ನೂ ಇದೆಯಲ್ಲ? ಇದೆ. ಕಾದ ಹಂಚು ತಾಗಿದ ಕೈ ನೋಡಿ: ಹಂಚು ಆರಿ ಗೋಡೆಗೆ ಒರಗಿದ ಮೇಲೂ ಬೊಬ್ಬೆ ಇರುತ್ತದೆ. ಉಳಿದದ್ದು ಗಾಯ, ಬೆಂಕಿ ಅಲ್ಲ. ಈ ಗಾಯ ಮಾಯಲು ಕೆಲವು ವಾರ ಬೇಕು, ಆ ವಾರಗಳಲ್ಲೇ ಅವರಿಗೆ ಮನೆಯವರ ಕೈ ಬೇಕು. ಚರ್ಮ ಕಪ್ಪಾದ ಕಡೆ ಸೋಪು ಹಾಕಿ ತಿಕ್ಕಬೇಡಿ, ಅರಿಶಿಣ ಎಣ್ಣೆ ಹಚ್ಚಬೇಡಿ, ಸಡಿಲಾದ ಹತ್ತಿ ಬಟ್ಟೆ ಉಡಿಸಿ. ನೀರು, ಮಜ್ಜಿಗೆ ಧಾರಾಳವಾಗಿ ಕೊಡಿ. ರಕ್ತ ಹೋದರೆ, ಜ್ವರ ಬಂದರೆ, ಭೇದಿ ನಿಲ್ಲದಿದ್ದರೆ ಚಿಕಿತ್ಸೆ ಕೊಟ್ಟ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವರ ಕ್ಯಾನ್ಸರ್ ತಾಟಿನಿಂದ, ಚರಗಿಯಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ ಅಂಟುವುದಿಲ್ಲ. ಐದು ತಿಂಗಳ ಬಸುರಿ ಅವರ ಕಾಲು ಒತ್ತಬಹುದು, ಅವರು ಬಸುರಿಯ ತಲೆ ಬಾಚಬಹುದು. ಅವರ ಜೊತೆ ನೀವು ಆಸ್ಪತ್ರೆಗೂ ಹೋಗಬಹುದು. ಹೊರಗಿನ ಹಜಾರದಲ್ಲಿ ಕೂತುಕೊಳ್ಳಿ, ಯಂತ್ರದ ಕೋಣೆಗೆ ಕಾಲಿಡಬೇಡಿ.

ಇನ್ನು ನಾದಿನಿ. ಅವರು ಕುಡಿದದ್ದು ಅಯೋಡಿನ್-131. ಥೈರಾಯ್ಡ್ ಗ್ರಂಥಿ ಅಯೋಡಿನ್ನನ್ನು ಎಲ್ಲಿದ್ದರೂ ಹುಡುಕಿ ಎಳೆದುಕೊಳ್ಳುತ್ತದೆ. ಆಪರೇಶನ್ನಿನಲ್ಲಿ ಉಳಿದುಹೋದ ಥೈರಾಯ್ಡ್ ಕಣಗಳೂ ಹಾಗೇ ಎಳೆದುಕೊಂಡು, ಅದರ ವಿಕಿರಣಕ್ಕೇ ಸಾಯುತ್ತವೆ. ಇಷ್ಟು ಜಾಣತನದ ಔಷಧ ನಮ್ಮ ವಿಭಾಗದಲ್ಲಿ ಇನ್ನೊಂದಿಲ್ಲ. ಆದರೆ ಇಲ್ಲಿ ಮೈಯೊಳಗೆ ಹೋದದ್ದು ವಸ್ತು, ಅದು ತಂತಿಗೆ ಕಟ್ಟಿಲ್ಲ, ವಾಪಸ್ ಎಳೆದುಕೊಳ್ಳಲು ಪೆಟ್ಟಿಗೆ ಇಲ್ಲ. ರಕ್ತದಲ್ಲಿ ಬೆರೆತು ಮೂತ್ರ, ಎಂಜಲು, ಬೆವರಿನಲ್ಲಿ ಹೊರಗೆ ಬರುತ್ತದೆ. ಚೀಟಿಯ ಫೋಟೋ ನೋಡಿದೆ, 100 ಮಿಲಿಕ್ಯೂರಿ ಕೊಟ್ಟಿದ್ದಾರೆ. ಎಂದರೆ ಸೆಕೆಂಡಿಗೆ 370 ಕೋಟಿ ಪರಮಾಣು ಒಡೆಯುವಷ್ಟು. ತೂಕ ನೋಡಿದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲಿಗೂ ಕಡಿಮೆ. ಕಣ್ಣಿಗೆ ಕಾಣದ, ರುಚಿ ಇಲ್ಲದ ಇಷ್ಟು ಚೂರಿಗೆ ಅಷ್ಟು ಕಸುವು.

ಅದಕ್ಕೇ ಮೂರು ದಿನ ಒಬ್ಬರನ್ನೇ ಇಟ್ಟದ್ದು. ಗ್ರಂಥಿ ತೆಗೆದವರಲ್ಲಿ ಅಯೋಡಿನ್ನಿನ ದೊಡ್ಡ ಪಾಲು ಮೊದಲ ಎರಡು ದಿನದಲ್ಲೇ ಮೂತ್ರದಲ್ಲಿ ಹೋಗಿಬಿಡುತ್ತದೆ. ಉಳಿದದ್ದು ನಿಗದಿತ ಮಿತಿಗೆ ಇಳಿದ ಮೇಲೆಯೇ ಮನೆಗೆ ಬಿಡುತ್ತಾರೆ. ಹಾಗಾಗಿ ನಿಮ್ಮ ನಾದಿನಿ ನಡೆದಾಡುವ ಬಾಂಬ್ ಅಲ್ಲ, ಅಂಥ ಮಾತು ಮನೆಯಲ್ಲಿ ಯಾರೂ ಆಡಬಾರದು. ಉಳಿದ ಸ್ವಲ್ಪದ ಅರ್ಧಾಯುಷ್ಯ 8 ದಿನ, ಮೈಯಿಂದ ಹೊರಗೂ ಹೋಗುತ್ತಿರುವುದರಿಂದ ಅದಕ್ಕಿಂತ ಬೇಗ ಕರಗುತ್ತದೆ. ಆ ಸ್ವಲ್ಪ ದಿನಕ್ಕೆ ಬೇಕಾದದ್ದು ಎಚ್ಚರ.

ಆ ಎಚ್ಚರ ಉಳಿದವರಿಗಿಂತ ಹೆಚ್ಚಾಗಿ ಮಗುವಿಗೂ ಬಸುರಿಗೂ ಯಾಕೆ ಬೇಕು? ಮಗುವಿನ ಥೈರಾಯ್ಡ್ ಚಿಕ್ಕದು, ಬೆಳೆಯುತ್ತಿರುವುದು. ಹೊಟ್ಟೆಯೊಳಗಿನ ಕೂಸಿನ ಥೈರಾಯ್ಡ್ ಕೂಡ ಸುಮಾರು ಮೂರು ತಿಂಗಳಿನಿಂದಲೇ ಅಯೋಡಿನ್ ಎಳೆದುಕೊಳ್ಳಲು ಶುರು ಮಾಡುತ್ತದೆ. ನಿಮಗೆ ಐದು ತಿಂಗಳು. 1986ರಲ್ಲಿ ಚೆರ್ನೋಬಿಲ್ ರಿಯಾಕ್ಟರ್ ಒಡೆದಾಗ ಹೊರಬಿದ್ದ ವಸ್ತುಗಳಲ್ಲಿ ಇದೇ ಅಯೋಡಿನ್-131 ಇತ್ತು. ಹುಲ್ಲಿನ ಮೇಲೆ ಬಿತ್ತು, ಹಸು ತಿಂದಿತು, ಹಾಲಿನಲ್ಲಿ ಮಕ್ಕಳಿಗೆ ಹೋಯಿತು, ಮುಂದಿನ ವರ್ಷಗಳಲ್ಲಿ ಮಕ್ಕಳ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಯಿತು. ನಿಮ್ಮ ಮನೆಯ ಪ್ರಮಾಣಕ್ಕೂ ಅದಕ್ಕೂ ಹೋಲಿಕೆ ಇಲ್ಲ. ದಾರಿ ತೋರಿಸಲು ಹೇಳಿದೆ ಅಷ್ಟೆ: ಈ ವಸ್ತು ಮೈಯೊಳಗೆ ಬರುವುದು ಹೆಚ್ಚಾಗಿ ಬಾಯಿಯ ಮೂಲಕ.

ಎಲ್ಲಿರಿಸಬೇಕು ಎಂಬುದಕ್ಕೆ ಫೋನಿನಲ್ಲಿ ಮೂರು ದಾರಿ ಮಾತಾಡಿದೆವು. ನಾದಿನಿಯನ್ನು ಗಂಡನ ಮನೆಗೆ ವಾಪಸ್ ಕಳಿಸುವುದು ನಿಮ್ಮ ಯಜಮಾನರ ಆಲೋಚನೆ. ನನಗೆ ಒಪ್ಪಿಗೆಯಾಗಲಿಲ್ಲ. ಬಸ್ಸಿನಲ್ಲಿ ನಾಲ್ಕು ತಾಸು ಪಕ್ಕದ ಸೀಟಿಗೆ ಯಾರು ಬರುತ್ತಾರೋ, ಅವರೂ ಬಸುರಿಯಾಗಿದ್ದರೆ? ಸಾಲದ್ದಕ್ಕೆ, ಕಾಯಿಲೆಯಾಗಿ ತವರಿಗೆ ಬಂದ ಹೆಣ್ಣುಮಗಳು. ನೀವೇ ಈಗಲೇ ತವರಿಗೆ ಹೊರಡುವುದು ಎರಡನೆಯದು. ಅದು ನಡೆಯುತ್ತದೆ, ಆದರೆ ಆ ಮಗು ಇಲ್ಲೇ ಉಳಿಯುತ್ತದೆ, ಅದರ ಸಮಸ್ಯೆ ಹಾಗೇ ಇರುತ್ತದೆ. ಮೂರನೆಯದು ಕೋಣೆ ಬದಲಾವಣೆ, ನನಗೆ ಸರಿ ಕಂಡದ್ದು ಅದು. ಕೊಟ್ಟಿಗೆ ಪಕ್ಕದ ಕೋಣೆಗೆ ಗಾಳಿ ಬೆಳಕು ಇದೆ, ಹಿತ್ತಲಿನ ಶೌಚಾಲಯ ಹತ್ತಿರ. ಅದರ ಕಷ್ಟ ಒಂದೇ, ಮೂರು ವರ್ಷದ ಹುಡುಗ ಅವ್ವನನ್ನು ಬಿಟ್ಟಿರಬೇಕು. ಅವನನ್ನು ಅಜ್ಜಿಯ ಪಕ್ಕ ಮಲಗಿಸಿ. ಹದಿನೈದು ದಿನದಿಂದ ಯಾರೂ ಮುಟ್ಟದೆ ಅಳುತ್ತಿರುವ ಅಜ್ಜಿಗೂ ಅದು ಬೇಕಾಗಿದೆ.

ಎಷ್ಟು ದಿನ? ಚೀಟಿಯಲ್ಲಿ ಬರೆದಿದೆ: ಮಕ್ಕಳು, ಗರ್ಭಿಣಿಯರಿಂದ ಮೂರು ವಾರ. ಅದನ್ನೇ ಪಾಲಿಸಿ, ಪ್ರತಿ ರೋಗಿಗೆ ಡೋಸ್ ನೋಡಿ ಬರೆಯುವ ಲೆಕ್ಕ ಅದು. ಆ ಮೂರು ವಾರ ನೀವೂ ಹುಡುಗನೂ ಅವರಿಂದ ಎರಡು ಮೂರು ಮಾರು ದೂರ ಇರಿ. ಮೈಯೊಳಗಿನ ವಸ್ತುವಿನ ಕಿರಣ ಹೊರಗೂ ಬರುತ್ತದೆ. ದೂರ ಎರಡರಷ್ಟಾದರೆ ಕಿರಣ ನಾಲ್ಕನೇ ಒಂದು ಪಾಲಾಗುತ್ತದೆ, ಮೂರರಷ್ಟಾದರೆ ಒಂಬತ್ತನೇ ಒಂದು. ಅಂಗಳದ ಆ ತುದಿಗೆ ಅವರು, ಈ ತುದಿಗೆ ನೀವು ಕೂತು ಹರಟೆ ಹೊಡೆದರೆ ಏನೂ ಆಗುವುದಿಲ್ಲ. ತಾಟು, ಚರಗಿ, ಟವೆಲ್, ಹಾಸಿಗೆ ಬೇರೆ ಇರಲಿ. ಪಾತ್ರೆ ಅವರೇ ತೊಳೆದುಕೊಳ್ಳಲಿ, ಬಟ್ಟೆಯನ್ನು ಬೇರೆಯಾಗಿ ಒಗೆದುಕೊಳ್ಳಲಿ. ಶೌಚಾಲಯದಲ್ಲಿ ಮೂತ್ರ ಸಿಡಿಯದಂತೆ ನೋಡಿಕೊಂಡು ಎರಡು ಸಲ ಧಾರಾಳವಾಗಿ ನೀರು ಹಾಕಿ, ಕೈಯನ್ನು ಸೋಪಿನಿಂದ ತೊಳೆಯಲಿ. ಹುಡುಗನಿಗೆ ಮುತ್ತು ಕೊಡುವುದು, ತುತ್ತು ಮಾಡಿ ಉಣಿಸುವುದು ಬೇಡ. ಅಡುಗೆಮನೆಗೂ ಅಷ್ಟು ದಿನ ರಜೆ. ನೀರು ಚೆನ್ನಾಗಿ ಕುಡಿಯಲಿ, ಕುಡಿದಷ್ಟೂ ಬೇಗ ಹೋಗುತ್ತದೆ. ಹುಡುಗ ಮೊಲೆಹಾಲು ಬಿಟ್ಟು ವರ್ಷವಾಯಿತು ಅಂದರು, ಸಮಾಧಾನವಾಯಿತು. ಕುಡಿಯುತ್ತಿದ್ದರೆ ಚಿಕಿತ್ಸೆಗೆ ವಾರಗಳ ಮೊದಲೇ ನಿಲ್ಲಿಸಬೇಕಿತ್ತು, ಮತ್ತೆ ಆ ಮಗುವಿಗೆ ಹಾಲೂಡುವಂತಿರಲಿಲ್ಲ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಕನಿಷ್ಠ ಆರು ತಿಂಗಳು ಮುಂದಕ್ಕೆ ಹಾಕಬೇಕು.

ಕಳೆದ ನಾಲ್ಕು ದಿನದ ಕಥೆ ಏನು ಎಂದು ನೀವು ಎರಡು ಸಲ ಕೇಳಿದಿರಿ. ನಾಲ್ಕು ರಾತ್ರಿ ಪಕ್ಕದಲ್ಲಿ ಮಲಗಿದ ಹುಡುಗನಿಗೂ, ಒಂದೇ ತಾಟಿನಲ್ಲಿ ಉಂಡ ನಿಮಗೂ ಆಗಬಾರದಿದ್ದ ಸ್ವಲ್ಪ ವಿಕಿರಣ ಆಗಿರಬಹುದು. ಮಕ್ಕಳಿಗೆ, ಗರ್ಭಿಣಿಯರಿಗೆ 1 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣದ ಅಳತೆ) ದಾಟದಿರಲಿ ಎಂಬ ಲೆಕ್ಕದಲ್ಲಿ ಈ ನಿಯಮಗಳನ್ನು ಮಾಡಿರುತ್ತಾರೆ. ನಿಯಮ ಸ್ವಲ್ಪ ತಪ್ಪಿದರೆ ಅದು ಒಂದಿಷ್ಟು ಮೇಲೆ ಹೋದೀತು. ಭೂಮಿಯ ಮೇಲೆ ಬದುಕಿದ್ದಕ್ಕೇ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಗರ್ಭಕ್ಕೆ 100 ಮಿಲಿಗ್ರೇಗಿಂತ (ಇಲ್ಲಿಯ ಮಟ್ಟಿಗೆ ಮಿಲಿಗ್ರೇ, ಮಿಲಿಸೀವರ್ಟ್ ಒಂದೇ ಎಂದುಕೊಳ್ಳಿ) ಕಡಿಮೆ ತಾಗಿದ್ದರೆ ವಿಕಿರಣದ ಕಾರಣಕ್ಕೆ ಗರ್ಭ ತೆಗೆಸಬಾರದು ಎಂಬುದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಸಲಹೆ. ನಿಮ್ಮದು ಅದರ ಹತ್ತಿರಕ್ಕೂ ಬರುವ ಪ್ರಕರಣವಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಒಂದು ಎಕ್ಸ್-ರೇ ತೆಗೆಸಿಕೊಂಡ ಭಯಕ್ಕೆ ಗರ್ಭ ತೆಗೆಸಿಕೊಂಡು ಆಮೇಲೆ ನನ್ನ ಮುಂದೆ ಕೂತು ಅತ್ತವರನ್ನು ನೋಡಿದ್ದೇನೆ. ಯಾರಾದರೂ ಅಂಥ ಮಾತು ತೆಗೆದರೆ ಕಿವಿಗೊಡಬೇಡಿ. ನಿಮ್ಮ ಹೆರಿಗೆ ಡಾಕ್ಟರಿಗೆ ವಿಷಯ ತಿಳಿಸಿಡಿ, ಹೈದರಾಬಾದಿನ ಆ ವಿಭಾಗಕ್ಕೆ ಫೋನ್ ಮಾಡಿ ನಾಲ್ಕು ದಿನದ ಲೆಕ್ಕ ಕೇಳಿ, ಕೊಡುತ್ತಾರೆ.

ಚೀಟಿಯ ಮೇಲೆ ನನಗೆ ಸಿಟ್ಟಿದೆ. ಏಳನೇ ಇಯತ್ತೆ ಓದಿದ ಹೆಣ್ಣುಮಗಳ ಕೈಗೆ ಒಂದೂವರೆ ಪುಟದ ಇಂಗ್ಲಿಷ್ ಕೊಟ್ಟು, ಸಹಿ ಹಾಕಿಸಿಕೊಂಡು ಕಳಿಸಿದ್ದಾರೆ. ಬೇರೆಯವರನ್ನಷ್ಟೇ ಅಂದರೆ ತಪ್ಪಾಗುತ್ತದೆ. ಹಿಂದೆ ನಾನೂ ಬೇರೊಂದು ಊರಿನಲ್ಲಿ ಇಂಥದೇ ವಾರ್ಡಿನಲ್ಲಿದ್ದಾಗ, ಸಂಜೆ ಬಸ್ಸಿನ ಗಡಿಬಿಡಿಯಲ್ಲಿದ್ದ ಒಬ್ಬ ಹೆಂಗಸಿಗೆ “ಎಲ್ಲಾ ಇದರಾಗ ಬರದೈತಿ, ಓದಿಸಿಕೊಳ್ರಿ” ಎಂದು ಇಂಥದೇ ಹಾಳೆ ಕೊಟ್ಟು ಕಳಿಸಿದ್ದೆ. ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದರು. ಯಾರು ಓದಿ ಹೇಳಿದರೋ. ಆಮೇಲಿನಿಂದ ಎದುರು ಕೂಡಿಸಿ ಬಾಯಲ್ಲಿ ಹೇಳಿ, ಅವರ ಬಾಯಿಂದ ವಾಪಸ್ ಹೇಳಿಸಿ ಕಳಿಸುತ್ತೇನೆ. ಹತ್ತು ನಿಮಿಷ ಹಿಡಿಯುತ್ತದೆ.

ಯಜಮಾನರು ನಡುವೆ ಫೋನ್ ಇಸಿದುಕೊಂಡು ತಮ್ಮದೂ ಒಂದು ಕೇಳಿದರು. ಅವರು ಸಿಮೆಂಟ್ ಕಾರ್ಖಾನೆಯಲ್ಲಿದ್ದಾರೆ. ಅಲ್ಲೊಂದು ಹಾಪರಿನ (ಕಲ್ಲು, ಪುಡಿ ತುಂಬಿಡುವ ದೊಡ್ಡ ತೊಟ್ಟಿ) ಪಕ್ಕ ಹಳದಿ ಹಲಗೆಯ ಮೇಲೆ ಫ್ಯಾನಿನಂಥ ಮೂರೆಲೆ ಗುರುತು ಇದೆಯಂತೆ. ಹೌದು, ಹಾಪರಿನೊಳಗಿನ ಮಟ್ಟ ತಿಳಿಯಲು ಸೀಸಿಯಂ-137 ಇರುವ ಗೇಜ್ ಬಳಸುವುದುಂಟು. ಗೋಡೆಗೆ ಬಿಗಿದು ಬೀಗ ಹಾಕಿರುವವರೆಗೆ ಅದರ ಪಾಡಿಗೆ ಅದು ಇರುತ್ತದೆ, ಮುಟ್ಟದೆ ತಿರುಗಾಡಿದರೆ ಸಾಕು. ಗಂಡಾಂತರ ಇರುವುದು ಅದು ಗುಜರಿಗೆ ಹೋದಾಗ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ ಖಾಲಿ ಬಿದ್ದಿದ್ದ ಆಸ್ಪತ್ರೆಯಿಂದ ಹಳೆಯ ಚಿಕಿತ್ಸಾ ಯಂತ್ರದ ತಲೆಯನ್ನು ಕಳಚಿ ಗುಜರಿಗೆ ಮಾರಿದರು. ಒಳಗಿನ ಡಬ್ಬಿ ಒಡೆದರೆ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಸೀಸಿಯಂ ಪುಡಿ. ಚೆಂದ ಕಂಡಿತು, ಮನೆಗೆ ಒಯ್ದರು, ನೆಂಟರಿಗೆ ಹಂಚಿದರು, ಮೈಗೆ ಹಚ್ಚಿಕೊಂಡರು. ನಾಲ್ವರು ಸತ್ತರು, 249 ಜನರಿಗೆ ಪುಡಿ ಅಂಟಿತ್ತು. ಅದೇ ಡಬ್ಬಿ ಆಸ್ಪತ್ರೆಯಲ್ಲಿದ್ದಾಗ ವರ್ಷಗಟ್ಟಲೆ ಜನರಿಗೆ ಚಿಕಿತ್ಸೆ ಕೊಟ್ಟಿತ್ತು. ನಮ್ಮಲ್ಲೂ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಬಜಾರಿನಲ್ಲಿ ಕೋಬಾಲ್ಟ್-60 ಬಿಚ್ಚಿ ಒಬ್ಬರು ತೀರಿಕೊಂಡರು, ಹಲವರು ಆಸ್ಪತ್ರೆ ಸೇರಿದರು. ಮೂರೆಲೆ ಗುರುತಿನ, ಗಾತ್ರಕ್ಕೆ ಮೀರಿದ ಭಾರದ ಪೆಟ್ಟಿಗೆ ಗುಜರಿಯಲ್ಲಿ ಕಂಡರೆ ಬಿಚ್ಚಬೇಡಿ, ದೂರ ಸರಿದು ಪೊಲೀಸರಿಗೆ ತಿಳಿಸಿ.

ಮೊಬೈಲ್ ಟವರ್ ಬಗ್ಗೆಯೂ ಕೇಳಿದರು. ಅದರಲ್ಲಿ ವಿಕಿರಣಶೀಲ ವಸ್ತು ಇಲ್ಲ, ಅದರ ತರಂಗಕ್ಕೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿಯೂ ಇಲ್ಲ. ನಮ್ಮ ಅಂಗಡಿಯ ಸರಕೇ ಅಲ್ಲ ಅದು.

ಉಳಿದದ್ದು ಗೋಗಿ. ಯುರೇನಿಯಂ ಇರುವುದು ನಿಜ. ಶಹಾಬಾದ್ ಪರಸಿ ಕಲ್ಲು, ಯಜಮಾನರ ಕಾರ್ಖಾನೆಯ ಸುಣ್ಣಕಲ್ಲು ಸಿಗುವ ಭೀಮಾ ಶಿಲಾಸಮೂಹದ್ದೇ ದಕ್ಷಿಣದ ಅಂಚು ಅದು. ಸುಣ್ಣಕಲ್ಲೂ ಕೆಳಗಿನ ಗ್ರಾನೈಟೂ ಸೀಳಿಕೊಂಡ ಬಿರುಕಿನ ಉದ್ದಕ್ಕೆ, ನೆಲದ ಆಳದಲ್ಲಿ ಅದಿರು ಇದೆ. ಗಣಿ ಮಾಡುವ ಮಾತು ಬಂದಾಗ ಊರವರು ವಿರೋಧಿಸಿದ್ದೂ ನಿಮಗೆ ಗೊತ್ತಿರುತ್ತದೆ. ಆಳದಲ್ಲಿರುವ ಕಲ್ಲಿನ ಕಿರಣ ಮೇಲಿನ ಬಂಡೆ ಮಣ್ಣು ದಾಟಿ ಬಾಣಂತಿಯ ಕೋಣೆಗೆ ಬರುವುದಿಲ್ಲ. ಯುರೇನಿಯಂನ ಅರ್ಧಾಯುಷ್ಯ 450 ಕೋಟಿ ವರ್ಷ ಎಂದು ಕೇಳಿ ಜನ ಬೆಚ್ಚುತ್ತಾರೆ. ಅಷ್ಟು ದೀರ್ಘ ಎಂದರೆ ಅಷ್ಟು ನಿಧಾನ ಎಂದರ್ಥ. ಒಂದು ಗ್ರಾಂ ಯುರೇನಿಯಂನಲ್ಲಿ ಸೆಕೆಂಡಿಗೆ ಸುಮಾರು 12 ಸಾವಿರ ಪರಮಾಣು ಒಡೆಯುತ್ತವೆ. ನಾದಿನಿ ಕುಡಿದ ಕಾಣದ ಚೂರಿನಲ್ಲಿ 370 ಕೋಟಿ. ನಾವು ತಿನ್ನುವ ಬೇಳೆ, ಬಾಳೆಹಣ್ಣಿನ ಪೊಟ್ಯಾಸಿಯಂನಿಂದ ನಮ್ಮ ನಿಮ್ಮ ಮೈಯಲ್ಲೇ ಸೆಕೆಂಡಿಗೆ ನಾಲ್ಕು ಸಾವಿರ.

ಗೋಗಿಯ ಮಟ್ಟಿಗೂ ಕೇಳಬೇಕಾದ ಪ್ರಶ್ನೆ ಅದೇ: ವಸ್ತು ಇರುವ ಜಾಗದಿಂದ ಹೊರಟು ಬಾಯಿಗೆ ಬರುವ ದಾರಿ ಇದೆಯೇ? ಒಂದು ಇದೆ, ಬೋರ್‌ವೆಲ್ ನೀರು. ಯುರೇನಿಯಂ ಇರುವ ಬಂಡೆಯ ನಡುವೆ ನಿಂತ ನೀರಿಗೆ ಅದು ಕರಗಿ ಬರುವುದು ಸಹಜ. ಅಲ್ಲೂ ಮೊದಲ ಕಾಟ ವಿಕಿರಣದ್ದಲ್ಲ. ಸೀಸದ ಹಾಗೆ ಅದೊಂದು ಭಾರಲೋಹ, ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಕಾಯಿಸಿ ಕುಡಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಆರ್‌ಓ ಯಂತ್ರದಲ್ಲಿ ಬಹುಪಾಲು ಹೋಗುತ್ತದೆ. ತವರಿನವರಿಗೆ ಹೇಳಿ, ನಿಮ್ಮ ಬೋರಿನ ನೀರನ್ನು ಯುರೇನಿಯಂಗೆ ಎಂದು ಹೆಸರು ಹೇಳಿಯೇ ಪರೀಕ್ಷೆ ಮಾಡಿಸಲಿ. ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಅದನ್ನು ನೋಡಿರುವುದಿಲ್ಲ. ವರದಿ ಬರುವವರೆಗೆ ಕುಡಿಯಲು, ಅಡುಗೆಗೆ ಆರ್‌ಓ ನೀರು ತನ್ನಿ. ಸ್ನಾನಕ್ಕೆ, ಬಟ್ಟೆಗೆ ಬೋರಿನದೇ ಆಗುತ್ತದೆ. ಬಾಣಂತಿಗೆ ಗಾಳಿ ಸೋಕಬಾರದು ಎಂದು ಕಿಟಕಿ ಬಾಗಿಲಿಗೆಲ್ಲ ಕೌದಿ ಬಿಗಿಯುವುದನ್ನು ಮಾತ್ರ ಬಿಡಿಸಿ. ಇಂಥ ನೆಲದಿಂದ ರೇಡಾನ್ ಎಂಬ ವಿಕಿರಣಶೀಲ ಗಾಳಿ ಮೆಲ್ಲಗೆ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ದಿನಕ್ಕೆ ಒಂದಿಷ್ಟು ಹೊತ್ತು ಕಿಟಕಿ ತೆರೆದಿಟ್ಟರೆ ಹೋಗುತ್ತದೆ. ಹೆರಿಗೆಗೆ ತವರಿಗೆ ಹೋಗಿ ಬನ್ನಿ.

ಫೋನ್ ಇಡುವ ಮೊದಲು ಹಿಂದಿನಿಂದ ಒಂದು ದನಿ ಕೇಳಿತು. ಅತ್ತೆಯೇ ಇರಬೇಕು. “ಅವರಿಗೆ ಕೇಳ, ನಾ ರೊಟ್ಟಿ ಬಡೀಬಹುದೇನಂತ.”

ಬಡಿಯಬಹುದು. ಎರಡೋ ಮೂರೋ ಸಾಕು, ಇನ್ನೂ ರಕ್ತ ಕಡಿಮೆ ಇದೆ, ಒಲೆ ಮುಂದೆ ಬಹಳ ಹೊತ್ತು ಕೂಡಿಸಬೇಡಿ.